ಫಿಸಿಕ್ಸ್ ಕ್ಯಾಂಪ್ ಹುಡುಕಿಕೊಂಡು ಪಂಪ್‌ವೆಲ್‌ಗೆ ಹೋದದ್ದು

ಬಿ.ಸಿ. ರೋಡ್ ಕಡೆಯಿಂದ ಮಂಗಳೂರಿಗೆ ಬಸ್ಸಲ್ಲಿ ಹೋದವರಿಗೆ ಪಂಪ್‌ವೆಲ್ ಗೊತ್ತೇ ಇರುತ್ತದೆ. ಉಡುಪಿ, ಕಾಸರಗೋಡು, ಬೆಂಗಳೂರು ಮೂರೂ ಕಡೆಯ ದಾರಿ ಕೂಡುವ ಜಾಗ. ಮೊದಲು ಅಲ್ಲೊಂದು ದೊಡ್ಡ ಕಲಶ ಇತ್ತು, ಮಹಾವೀರ ವೃತ್ತ ಅಂತ ಹೆಸರು. ಫ್ಲೈಓವರ್ ಬರುತ್ತದೆ ಅಂತ ಕಲಶ ತೆಗೆದರು. ಫ್ಲೈಓವರ್ ಮಾತ್ರ ವರ್ಷಗಟ್ಟಲೆ ಬರಲೇ ಇಲ್ಲ. ಕೊನೆಗೆ 2020ರ ಜನವರಿ 31ಕ್ಕೆ ಉದ್ಘಾಟನೆ ಆಯಿತು. ಅಷ್ಟರೊಳಗೆ ಅದರ ಬಗ್ಗೆ ವಾಟ್ಸಾಪ್‌ನಲ್ಲಿ ಬಂದ ಜೋಕುಗಳನ್ನು ಸೇರಿಸಿದ್ದರೆ ಒಂದು ಪುಸ್ತಕವೇ ಆಗುತ್ತಿತ್ತು.

ಹೋದ ವರ್ಷ ಏಪ್ರಿಲ್ ಎರಡನೇ ವಾರ ನಾವು ಅಲ್ಲಿ ಬಸ್ ಇಳಿದೆವು. ಜೊತೆಗೆ ಭಾವ, ಮತ್ತು ಒಂಬತ್ತನೇ ಕ್ಲಾಸ್ ಮುಗಿಸಿದ ಅಕ್ಕನ ಮಗಳು. ಭಾವನ ಶರ್ಟಿನ ಜೇಬಿನಲ್ಲಿ ಒಂದು ಪೇಪರ್ ತುಂಡು ಮಡಚಿ ಇತ್ತು. ಹೈಸ್ಕೂಲ್ ಮಕ್ಕಳಿಗೆ 21 ದಿನದ ಬೇಸಿಗೆ ಫಿಸಿಕ್ಸ್ ಶಿಬಿರ, ಪಂಪ್‌ವೆಲ್ ಹತ್ತಿರ, ನುರಿತ ಉಪನ್ಯಾಸಕರು, ಪ್ರಯೋಗಾಲಯ ಸೌಲಭ್ಯ, ಸೀಮಿತ ಸೀಟು.

ಆ ಸುದ್ದಿ ಬರೆದದ್ದು ನಾವೇ.

ಸುದ್ದಿ ಅಂತ ಹೇಳುವುದೂ ಸರಿಯಲ್ಲ. ನಮ್ಮಂಥ ಬಿಡಿ ಸುದ್ದಿಗಾರರಿಗೆ ಸಂಬಳ ಇಲ್ಲ. ಬಂದ ಸುದ್ದಿಗೆ ಇಷ್ಟು, ತಂದ ಜಾಹೀರಾತಿಗೆ ಇಷ್ಟು ಅಂತ ಲೆಕ್ಕ. ಜಾಹೀರಾತು ಕೊಟ್ಟವರಿಗೆ ಪಕ್ಕದಲ್ಲೊಂದು ಅರ್ಧ ಕಾಲಂ ಸುದ್ದಿಯೂ ಕೊಡಬೇಕಾಗುತ್ತದೆ. ಕೋಚಿಂಗ್‌ನವರು ಕಳಿಸಿದ ಇಂಗ್ಲಿಷ್ ಹಾಳೆಯನ್ನು ಕನ್ನಡ ಮಾಡಿ ಕಳಿಸಿದೆವು. ಅವರ ಕಟ್ಟಡದ ಒಳಗೆ ಕಾಲಿಟ್ಟಿರಲಿಲ್ಲ. ಅದನ್ನು ನಮ್ಮ ಅಕ್ಕನೇ ಕತ್ತರಿಸಿ ಇಟ್ಟುಕೊಳ್ಳುತ್ತಾಳೆ ಅಂತ ಯಾರಿಗೆ ಗೊತ್ತಿತ್ತು? (ಈ 'ನಾವು' ಯಾರು ಅಂತ ಕೇಳಬೇಡಿ. ಸುದ್ದಿಯಲ್ಲಿ 'ನಾನು' ಬರಬಾರದು ಅಂತ ಡಿಪ್ಲೊಮಾ ಓದುವಾಗ ಹೇಳಿಕೊಟ್ಟರು, ಆ ಅಭ್ಯಾಸ ಇನ್ನೂ ಹೋಗಿಲ್ಲ.)

ಅಕ್ಕ ಬೀಡಿ ಕಟ್ಟುತ್ತಾಳೆ. ಭಾವ ಅಡಿಕೆ ಮರ ಹತ್ತುವವರು. ಕೊಯ್ಲಿನ ಸಮಯ ಕೊಯ್ಲು, ಮಳೆಗಾಲ ಮದ್ದು ಬಿಡುವ ಕೆಲಸ. ಮಗಳು ಊರಿನ ಸರಕಾರಿ ಹೈಸ್ಕೂಲು, ಕನ್ನಡ ಮೀಡಿಯಂ. ಅವಳಿಗೆ ವಿಜ್ಞಾನದ ಹುಚ್ಚು ಎಷ್ಟು ಅಂದರೆ ಮಿಕ್ಸಿ ಹಾಳಾದರೆ ಮನೆಯವರಿಗೆ ಬೇಜಾರು, ಅವಳಿಗೆ ಖುಷಿ. ಕ್ಯಾಂಪಿನ ಫೀಸು 16,500 ರೂಪಾಯಿ, ಹಾಸ್ಟೆಲ್ ಬೇರೆ. ಅಕ್ಕ ಒಂದು ಜೊತೆ ಬಳೆ ತೆಗೆದು ಕರವಸ್ತ್ರದಲ್ಲಿ ಕಟ್ಟಿ ಆಗಿತ್ತು, ಸೊಸೈಟಿಯಲ್ಲಿ ಅಡವಿಡಲಿಕ್ಕೆ.

"ನೀನೇ ಬರೆದದ್ದಲ್ಲ, ಒಳ್ಳೆಯದೇ ಇರಬೇಕು" ಅಂದಳು ಅಕ್ಕ.

ಆ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. "ಮೊದಲು ಒಮ್ಮೆ ಹೋಗಿ ನೋಡಿ ಬರುವ, ಬಳೆ ಆಮೇಲೆ" ಅಂತ ಮಾತ್ರ ಹೇಳಿದೆವು.

ಕಟ್ಟಡದ ಮೂರನೇ ಮಹಡಿ. ಮೆಟ್ಟಿಲಿನ ಗೋಡೆಗೆಲ್ಲ ರ‍್ಯಾಂಕ್ ಬಂದ ಮಕ್ಕಳ ಫೋಟೊ. ರಿಸೆಪ್ಷನ್‌ನಲ್ಲಿ ರಾಕೆಟ್ ಚಿತ್ರ, ನಾಸಾದ ಚಿತ್ರ. ಎಸಿ ಎಷ್ಟು ತಣ್ಣಗಿತ್ತು ಅಂದರೆ ಭಾವ ಕೈ ಕಟ್ಟಿಕೊಂಡೇ ಕೂತಿದ್ದರು. ಮಾತಾಡಿಸಿದ ಮೇಡಂ ಚೆನ್ನಾಗಿಯೇ ಮಾತಾಡಿಸಿದರು, ಚಹಾ ಕೊಟ್ಟರು. ನಾವು ಕೇಳಿದೆವು: ಒಂದು ಕ್ಲಾಸಲ್ಲಿ ಎಷ್ಟು ಮಕ್ಕಳು? ಅರುವತ್ತು. ಪಾಠ ಯಾವ ಭಾಷೆಯಲ್ಲಿ? ಇಂಗ್ಲಿಷ್, "ಆದ್ರೆ ಮಕ್ಕಳು ಅಡ್ಜಸ್ಟ್ ಆಗ್ತಾರೆ". ಮೂರನೇ ದಿನ ಬೆಳಿಗ್ಗೆ ಏನು ಮಾಡಿಸುತ್ತೀರಿ? ಆ ಪ್ರಶ್ನೆ ಅವರಿಗೆ ಅರ್ಥ ಆಗಲಿಲ್ಲ. ಟೈಮ್‌ಟೇಬಲ್ ತೆಗೆದು ತೋರಿಸಿದರು. ಬೆಳಿಗ್ಗೆ ಥಿಯರಿ, ಮಧ್ಯಾಹ್ನ ಪ್ರಶ್ನೆ ಬಿಡಿಸುವುದು, ಸಂಜೆ ಟೆಸ್ಟ್. 21 ದಿನವೂ ಅದೇ.

ಪ್ರಯೋಗಾಲಯ ನೋಡಬಹುದಾ ಅಂತ ಕೇಳಿದಾಗ ಒಂದು ಕೋಣೆ ತೋರಿಸಿದರು. ಗಾಜಿನ ಕಪಾಟು, ಒಳಗೆ ಲೆನ್ಸು, ಮೀಟರು, ಸ್ಪ್ರಿಂಗು. ಕಪಾಟಿಗೆ ಬೀಗ. ಬೀಗದ ಕೀ ಇರುವ ಸರ್ ರಜೆಯಲ್ಲಿದ್ದರು.

ಅಷ್ಟರಲ್ಲಿ ಫಿಸಿಕ್ಸ್ ಸರ್ ಒಬ್ಬರು ಬಂದರು. ಚಿಕ್ಕ ಪ್ರಾಯ, ಕೈಯೆಲ್ಲ ಮಾರ್ಕರ್ ಶಾಯಿ. "ಏನಾದ್ರೂ ಡೌಟ್ ಇದ್ರೆ ಕೇಳಮ್ಮ" ಅಂದರು. ಹುಡುಗಿ ನಮ್ಮ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಕೇಳಿಯೇ ಬಿಟ್ಟಳು.

"ಸರ್, ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು 38 ಅಡಿಗೆ ಇಳಿಯುತ್ತದೆ. ಮೇಲೆ ಇಟ್ಟ ಪಂಪ್ ಆಗ ನೀರು ಎಳೆಯುದಿಲ್ಲ. ಅದೇ ಪಂಪನ್ನು ಬಾವಿಯ ಒಳಗೆ ಇಳಿಸಿದ್ರೆ ಎಳೆಯುತ್ತದೆ. ಯಾಕೆ?"

ಸರ್ ನಗುತ್ತಾ ಹೇಳಿದರು, "ಮೋಟಾರ್ ಪವರ್ ಸಾಲುದಿಲ್ಲ, ಅಷ್ಟೆ. ಎಚ್‌ಪಿ ಜಾಸ್ತಿ ಮಾಡ್ಲಿಕ್ಕೆ ಹೇಳು ಅಪ್ಪನಿಗೆ."

ಭಾವ ಮಾತಾಡಲಿಲ್ಲ. ಕೆಳಗೆ ಬಂದು ಫ್ಲೈಓವರ್ ಅಡಿ ನೆರಳಿನಲ್ಲಿ ನಿಂತು ಬಸ್ಸಿಗೆ ಕಾಯುವಾಗ ಹೇಳಿದರು: "ದೊಡ್ಡ ಪಂಪ್ ತಂದು ನೋಡಿ ಆಗಿದೆ ಮಾರಾಯ. ಎರಡು ವರ್ಷ ಹಿಂದೆ, 1 ಎಚ್‌ಪಿ ತೆಗೆದು 2 ಎಚ್‌ಪಿ. ಒಂದು ಹನಿ ಬರ್ಲಿಲ್ಲ. ಆಮೇಲೆ ರಿಪೇರಿಯವನು ಬಂದು ಒಳಗೆ ತಟ್ಟು ಮಾಡಿ ಇಳಿಸಿಕೊಟ್ಟದ್ದು."

ಆ ಸರ್ ದಡ್ಡರು ಅಂತ ನಾವು ಹೇಳುವುದಿಲ್ಲ. ದಿನಕ್ಕೆ ಐದಾರು ಬ್ಯಾಚ್ ಪಾಠ ಮಾಡುವವರಿಗೆ ಬಾವಿಯ ಬಗ್ಗೆ ಯೋಚಿಸಲಿಕ್ಕೆ ಸಮಯ ಎಲ್ಲಿ? ಅವರಿಗೂ ನಮ್ಮ ಹಾಗೆಯೇ ಲೆಕ್ಕದ ಸಂಬಳ ಇರಬಹುದು. ಪಿಯುಸಿ ಸೇರಿ ಜೆಇಇ ಬರೆಯಬೇಕು ಅನ್ನುವ ಮಗುವಿಗೆ ಅಲ್ಲಿಯ ಪಾಠ ಉಪಯೋಗಕ್ಕೂ ಬೀಳಬಹುದು. ಆದರೆ ಭೌತಶಾಸ್ತ್ರ ಶಿಬಿರ ಅಂತ ಹೆಸರಿಟ್ಟು, ಮಗು ತಂದ ಪ್ರಶ್ನೆಯನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು ನೋಡದಿದ್ದರೆ ಆ 16,500 ರೂಪಾಯಿ ಯಾವುದಕ್ಕೆ? ತಮಾಷೆ ಎಂದರೆ, ನಾವು ನಿಂತಿದ್ದ ಜಾಗಕ್ಕೆ ಆ ಹೆಸರು ಬಂದದ್ದೇ ಹಿಂದೆ ಅಲ್ಲಿ ಇದ್ದ ಬಾವಿ ಮತ್ತು ಪಂಪಿನಿಂದ ಅಂತ ಹಳಬರು ಹೇಳುತ್ತಾರೆ.

ಇನ್ನು ಹೇಳಲಿಕ್ಕೆ ನಾಚಿಕೆ ಆಗುವ ಸಂಗತಿ.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ನಮ್ಮ ಫೋನ್ ತೆಗೆದುಕೊಂಡು ವಿಜ್ಞಾನ ಕ್ಯಾಂಪ್ ಅಂತ ಹುಡುಕಿದಳು. ಸ್ವಲ್ಪ ಹೊತ್ತಿಗೆ, "ಮಾಮ, ಇಸ್ರೋದವರು ಮಾಡುವ ಯುವಿಕಾ ಅಂತ ಉಂಟಲ್ಲ, ಅದು ಒಂಬತ್ತನೇ ಕ್ಲಾಸಿನವರಿಗೆ ಮಾತ್ರವಂತೆ. ಅರ್ಜಿ ಮುಗಿದಿದೆ" ಅಂದಳು.

ನಮಗೆ ಎದೆ ಧಸಕ್ ಅಂತು. ಆ ಪ್ರಕಟಣೆ ಫೆಬ್ರವರಿಯಲ್ಲೇ ನಮ್ಮ ಫೋನಿಗೆ ಬಂದಿತ್ತು, ಪತ್ರಕರ್ತರ ಗ್ರೂಪಿನಲ್ಲಿ. ಎರಡು ಸಾಲು ಮಾಡಿ ಕಳಿಸಿದ್ದೆವು, ಪೇಪರಲ್ಲಿ ಬರಲಿಲ್ಲ. ಬರದಿದ್ದದ್ದಕ್ಕೆ ನಾವು ಕೇಳಲೂ ಇಲ್ಲ. ಅದೇ ವಾರ ಕೋಚಿಂಗ್‌ನ ಅರ್ಧ ಕಾಲಂ ಬಂದಿದೆಯಾ ಅಂತ ಮೂರು ಸಲ ಫೋನ್ ಮಾಡಿದ್ದೆವು. ಸ್ವಂತ ಅಕ್ಕನ ಮಗಳು ಒಂಬತ್ತನೇ ಕ್ಲಾಸ್ ಅನ್ನುವುದು ನೆನಪಿಗೇ ಬರಲಿಲ್ಲ. ಎರಡು ಸಾಲಿನ ಆ ಸುದ್ದಿಯನ್ನು ಮನೆಯ ಗ್ರೂಪಿಗೆ ಹಾಕಿದ್ದರೂ ಸಾಕಿತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇವೆ. ಯುವಿಕಾ ಎಂದರೆ ಇಸ್ರೋ 2019ರಲ್ಲಿ ಶುರು ಮಾಡಿದ ಯುವ ವಿಜ್ಞಾನಿ ಕಾರ್ಯಕ್ರಮ. ಮೇ ತಿಂಗಳಲ್ಲಿ ಸುಮಾರು ಎರಡು ವಾರ, ಇಸ್ರೋ ಕೇಂದ್ರಗಳಲ್ಲೇ ಉಳಿದು ಕಲಿಯುವುದು. ರಾಕೆಟ್, ಉಪಗ್ರಹ, ವಿಜ್ಞಾನಿಗಳ ಜೊತೆ ಮಾತು, ಕೈಯಾರೆ ಮಾಡುವ ಪ್ರಯೋಗ. ಅರ್ಜಿಗೆ ದುಡ್ಡಿಲ್ಲ. ಆಯ್ಕೆಯಾದರೆ ಊಟ, ವಸತಿ, ಪ್ರಯಾಣದ ಖರ್ಚು ಇಸ್ರೋದ್ದು. ಆಯ್ಕೆ ಪಟ್ಟಿಯಲ್ಲಿ ಅರ್ಧ ತೂಕ ಎಂಟನೇ ತರಗತಿಯ ಅಂಕಕ್ಕೆ. ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳ, ಸ್ಕೌಟ್ಸ್ ಮುಂತಾದವಕ್ಕೆ ಸ್ವಲ್ಪ ಸ್ವಲ್ಪ. ಮತ್ತು ಪಂಚಾಯತ್ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುವ ಮಕ್ಕಳಿಗೆ ಅಂತಲೇ ಶೇ 15. ಆ ಶೇ 15 ನಮ್ಮ ಮಕ್ಕಳಿಗಾಗಿಯೇ ಇಟ್ಟದ್ದು. ಪೇಟೆಯ ದೊಡ್ಡ ಶಾಲೆಯ ಮಗುವಿಗೆ ಅದು ಸಿಗುವುದಿಲ್ಲ. ಕ್ಯಾಂಪ್ ನಡೆಯುವ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಆ ರಾವ್ ಅವರು ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಅದಮಾರಿನವರು, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ಮಾಡಿದ ತಂಡದ ಮುಖ್ಯಸ್ಥರು. ಹಳ್ಳಿಯಲ್ಲಿ ಹುಟ್ಟಿದವರ ಹೆಸರಿನ ಕೇಂದ್ರಕ್ಕೆ ಹೋಗುವ ದಾರಿ ಒಂದು ಹಳ್ಳಿಯ ಹುಡುಗಿಗೆ ತೆರೆದಿತ್ತು, ಅದು ನಮ್ಮ ಫೋನಿನೊಳಗೇ ಮುಚ್ಚಿಹೋಯಿತು.

ಒಂಬತ್ತನೇ ಕ್ಲಾಸ್ ಒಮ್ಮೆಯೇ ಬರುವುದು. ಮುಂದಿನ ವರ್ಷ ನೋಡುವ ಅಂತ ಹೇಳುವ ಹಾಗಿಲ್ಲ.

ಅವಳಿಗೆ ಸತ್ಯ ಹೇಳಿದೆವು. ಫರಂಗಿಪೇಟೆ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಫೋನ್ ವಾಪಸ್ ಕೊಟ್ಟು, "ಆಯ್ಕೆ ಆಗ್ತಿತ್ತೋ ಇಲ್ವೋ, ಯಾರಿಗೆ ಗೊತ್ತುಂಟು" ಅಂದಳು. ನಮ್ಮನ್ನು ಸಮಾಧಾನ ಮಾಡಲಿಕ್ಕೆ ಹೇಳಿದ್ದು. ಹದಿನಾಲ್ಕು ವರ್ಷದ ಹುಡುಗಿ.

ಮರುದಿನ ಅಕ್ಕನ ಬಳೆ ಕೈಗೆ ವಾಪಸ್ ಹೋಯಿತು. ಆದರೆ ರಜೆ ಇನ್ನೂ ಆರು ವಾರ ಇತ್ತು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದವರು ಬೇಸಿಗೆಯಲ್ಲಿ ಮಕ್ಕಳಿಗೆ ಒಳ್ಳೆಯ ಕಾರ್ಯಕ್ರಮ ಮಾಡುತ್ತಾರೆ. ಆದರೆ ಅಲ್ಲಿ ಉಳಿಯಲಿಕ್ಕೆ ನಮಗೆ ನೆಂಟರಿಲ್ಲ, ಲಾಡ್ಜಿನ ಖರ್ಚು ಸೇರಿಸಿದರೆ ಮತ್ತೆ ಬಳೆಯ ಲೆಕ್ಕವೇ ಬರುತ್ತದೆ. ಹತ್ತಿರದ್ದು ಪಿಲಿಕುಳ. ಒಂದು ದಿನ ಅವಳನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಹೋದೆವು. ವಾಮಂಜೂರಿನಲ್ಲಿ ಇಳಿದು ಅಲ್ಲಿಂದ ರಿಕ್ಷಾ. ಪಿಲಿಕುಳ ಎಂದರೆ ಎಲ್ಲರಿಗೂ ಹುಲಿಯೇ ನೆನಪಾಗುವುದು, ಹೆಸರೇ ಹುಲಿಯ ಕೊಳ ಅಂತ. ಮೃಗಾಲಯ ನೋಡಿ ಐಸ್‌ಕ್ರೀಂ ತಿಂದು ವಾಪಸ್ ಬರುವವರೇ ಹೆಚ್ಚು. ಅಲ್ಲೇ ಪ್ರಾದೇಶಿಕ ವಿಜ್ಞಾನ ಕೇಂದ್ರ ಉಂಟು, 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಉಂಟು, ಮೂರು ಆಯಾಮದ ಕನ್ನಡಕ ಹಾಕಿ ಆಕಾಶ ನೋಡುವಂಥದ್ದು. ವಿಜ್ಞಾನ ಕೇಂದ್ರದಲ್ಲಿ ಮಾದರಿಗಳನ್ನು ಮುಟ್ಟಬಹುದು, ತಿರುಗಿಸಬಹುದು, ಬೀಗ ಇಲ್ಲ. ಮಧ್ಯಾಹ್ನ ಹಸಿವಾಗುತ್ತದೆ ಅಂತ ನಾವು ಮೂರು ಸಲ ಹೇಳಿದ ಮೇಲೆ ಅವಳು ಹೊರಗೆ ಬಂದದ್ದು.

ಆದರೆ ಪಂಪಿನ ಪ್ರಶ್ನೆ ಹಾಗೆಯೇ ಉಳಿದಿತ್ತು.

ಊರಿನಲ್ಲಿ ಒಬ್ಬರು ನಿವೃತ್ತ ವಿಜ್ಞಾನ ಮಾಸ್ಟ್ರು ಇದ್ದಾರೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಅವರ ಹತ್ತಿರ ಹೋಗಿ ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ. "ಗಾರೆ ಕೆಲಸದವರು ಲೆವೆಲ್ ನೋಡುವ ಪೈಪ್ ಉಂಟಲ್ಲ, ಪಾರದರ್ಶಕದ್ದು, ದಪ್ಪ ಗೋಡೆಯದ್ದು. 50 ಅಡಿ ತನ್ನಿ. ಮತ್ತೆ ಒಂದು ಎತ್ತರದ ಅಡಿಕೆ ಮರ ಬೇಕು, ಹತ್ತುವವರು ಬೇಕು" ಅಂದರು.

ಹತ್ತುವವರು ಮನೆಯಲ್ಲೇ ಇದ್ದರಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾಸ್ಟ್ರ ತೋಟದಲ್ಲಿ ಹತ್ತು ಮಕ್ಕಳು, ಒಂದು ಬಕೆಟು, ಒಂದು ಬಾಟಲಿ ನೀಲಿ ಶಾಯಿ. ಪೈಪಿನ ತುಂಬ ಶಾಯಿ ನೀರು ತುಂಬಿಸಿ, ಮೇಲಿನ ತುದಿ ಮಡಚಿ ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಬಿಗಿದು, ಕೆಳಗಿನ ತುದಿಗೆ ಬೆರಳು ಒತ್ತಿ ಬಕೆಟಿನ ನೀರೊಳಗೆ ಮುಳುಗಿಸಿ ಇಟ್ಟರು. ಭಾವ ಪೈಪಿನ ತುದಿ ಸೊಂಟಕ್ಕೆ ಕಟ್ಟಿ ಮರ ಹತ್ತಿದರು. ಮೊದಲ ಸಲ ರಬ್ಬರ್ ಸೋರಿತು. ಗಾಳಿ ಒಳಗೆ ನುಗ್ಗಿ ನೀರೆಲ್ಲ ಭರ್ರನೆ ಬಕೆಟಿಗೆ ಇಳಿದು ಉಕ್ಕಿ ನಮ್ಮ ಪ್ಯಾಂಟು ನೀಲಿ. ಎರಡನೇ ಸಲ ತುದಿಗೆ ಮರದ ಬೆಣೆ ಹೊಡೆದು, ಎಂ-ಸೀಲ್ ಹಚ್ಚಿ, ಮಧ್ಯಾಹ್ನದವರೆಗೆ ಒಣಗಿಸಿ ಮತ್ತೆ ಹತ್ತಿದರು.

ಪೈಪು ನೆಟ್ಟಗೆ ನಿಂತ ಮೇಲೆ ಬಕೆಟಿನೊಳಗೆ ಬೆರಳು ಬಿಟ್ಟಳು ಹುಡುಗಿ. ನೀಲಿ ನೀರು ಮೇಲಿನಿಂದ ಇಳಿಯಿತು, ಇಳಿಯಿತು, ಒಂದು ಕಡೆ ನಿಂತೇ ಬಿಟ್ಟಿತು. ಅದರ ಮೇಲೆ ಹತ್ತು ಅಡಿಗಿಂತ ಹೆಚ್ಚು ಪೈಪು ಖಾಲಿ. ಹೊರಗಿನ ಗಾಳಿ ಇಲ್ಲದ ಖಾಲಿ, ಇದ್ದದ್ದು ಸ್ವಲ್ಪ ನೀರಿನ ಆವಿ, ನೀರಿನಿಂದ ಹೊರಬಂದ ಚೂರು ಗಾಳಿ ಅಷ್ಟೆ. ಮರದ ಮೇಲಿಂದ ಭಾವ ಕೂಗಿದರು, "ಇಲ್ಲಿಗೆ ನೀರು ಬರುದಿಲ್ಲ! ಕೆಳಗೆ ನಿಂತಿದೆ!"

ಅಳೆದರೆ ಬಕೆಟಿನ ನೀರಿನಿಂದ 31 ಅಡಿ ಚಿಲ್ಲರೆ.

ಆಗ ಮಾಸ್ಟ್ರು ಹೇಳಲಿಕ್ಕೆ ಶುರು ಮಾಡಿದರು. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಆಗ ಬಾವಿಯ ನೀರಿನ ಮೇಲೆ ಕೂತಿರುವ ನಮ್ಮ ವಾತಾವರಣದ ಗಾಳಿ ನೀರನ್ನು ಪೈಪಿನೊಳಗೆ ದೂಡುತ್ತದೆ. ಆ ಗಾಳಿಯ ಭಾರ ಒಂದು ಚದರ ಸೆಂಟಿಮೀಟರಿಗೆ ಹೆಚ್ಚು ಕಡಿಮೆ ಒಂದು ಕಿಲೋ. ಅಷ್ಟು ಭಾರಕ್ಕೆ ಸಮ ಆಗುವುದು 10.3 ಮೀಟರ್ ನೀರು, ಎಂದರೆ 34 ಅಡಿ ಹತ್ತಿರ. ಅದಕ್ಕಿಂತ ಮೇಲೆ ದೂಡಲಿಕ್ಕೆ ಗಾಳಿಗೆ ತ್ರಾಣ ಇಲ್ಲ. ಬಿಸಿಲಿಗೆ ನೀರಿನ ಆವಿ ಮತ್ತು ನೀರಲ್ಲಿ ಕರಗಿದ ಗಾಳಿ ಮೇಲೆ ಸೇರಿಕೊಂಡದ್ದರಿಂದ ನಮ್ಮ ಪೈಪಿನಲ್ಲಿ ಎರಡು ಮೂರು ಅಡಿ ಕಡಿಮೆ ಬಂತು. ಪಂಪಿನಲ್ಲಿ ಸೋರಿಕೆ, ತಿಕ್ಕಾಟ ಎಲ್ಲ ಸೇರಿ 25 ಅಡಿ ದಾಟುವುದೇ ಕಷ್ಟ. ಪಂಪನ್ನು ಬಾವಿಗೆ ಇಳಿಸಿದರೆ ಕೆಳಗಿನಿಂದ ಬರುವ ದೂರ ಕಡಿಮೆಯಾಯಿತು. ಪಂಪಿನಿಂದ ಮೇಲಕ್ಕೆ ದೂಡುವುದು ಮೋಟಾರಿನ ಕೆಲಸ, ಅಲ್ಲಿ ಮಾತ್ರ ಎಚ್‌ಪಿ ಲೆಕ್ಕಕ್ಕೆ ಬರುತ್ತದೆ. ಇಟಲಿಯ ಟಾರಿಸೆಲ್ಲಿ ಎಂಬವರು 1643ರಲ್ಲಿ ಇದನ್ನೇ ಪಾದರಸದಲ್ಲಿ ಮಾಡಿಸಿ ನೋಡಿದರು. ಪಾದರಸ ನೀರಿಗಿಂತ 13.6 ಪಟ್ಟು ಭಾರ, ಹಾಗಾಗಿ ಅದು 76 ಸೆಂಟಿಮೀಟರಿನಲ್ಲೇ ನಿಂತಿತು. ಅವರಿಗೆ ಅಡಿಕೆ ಮರ ಬೇಕಾಗಲಿಲ್ಲ.

ಭಾವ ಮರದಿಂದ ಇಳಿದು ತಳೆ ಬಿಚ್ಚುತ್ತಾ ಎಲ್ಲ ಕೇಳಿಸಿಕೊಂಡರು. "ಹಾಗಾದ್ರೆ 2 ಅಲ್ಲ, 10 ಎಚ್‌ಪಿ ತಂದಿದ್ರೂ ಆಗ್ತಿರ್ಲಿಲ್ಲ" ಅಂದರು. ಮಗಳು ಹೌದು ಅಂದಳು. ಅವರು ಮತ್ತೊಮ್ಮೆ ಪೈಪನ್ನು ಮೇಲಿನಿಂದ ಕೆಳಗೆ ನೋಡಿದರು. ಆ 2 ಎಚ್‌ಪಿ ಪಂಪು ಎರಡು ವರ್ಷದಿಂದ ಅವರ ಕೊಟ್ಟಿಗೆಯಲ್ಲಿ ಗೋಣಿ ಮುಚ್ಚಿಕೊಂಡು ಕೂತಿದೆ.

ಅಲ್ಲಿಂದ ಮೇ ಮೂರನೇ ವಾರದವರೆಗೆ ಮಾಸ್ಟ್ರ ಚಾವಡಿಯಲ್ಲಿ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಮಕ್ಕಳು ಸೇರಿದರು. ಫೀಸು ಇಲ್ಲ. ಪೈಪಿಗೆ ಐನೂರು ಚಿಲ್ಲರೆ ಆದದ್ದು ನಾವು ಕೊಟ್ಟೆವು, ಕೋಚಿಂಗ್ ಜಾಹೀರಾತಿನ ಕಮಿಷನ್‌ನಿಂದ. ಏಪ್ರಿಲ್ 24ಕ್ಕೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಕೂತರು. ನಮ್ಮ ಅಕ್ಷಾಂಶದಲ್ಲಿ ಆ ದಿನದ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟಗಿನ ಕೋಲಿಗೆ ನೆರಳೇ ಬೀಳುವುದಿಲ್ಲ. ಅದೂ 12 ಗಂಟೆಗಲ್ಲ, ಸುಮಾರು 12 ಗಂಟೆ 28 ನಿಮಿಷಕ್ಕೆ. ನಮ್ಮ ಗಡಿಯಾರ ಉತ್ತರಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ರೇಖೆಯದ್ದು, ನಾವು ಅದಕ್ಕಿಂತ ತುಂಬ ಪಶ್ಚಿಮಕ್ಕೆ ಇದ್ದೇವೆ, ಇಲ್ಲಿ ಮಧ್ಯಾಹ್ನ ತಡ. ನಿಮ್ಮ ಅಂಗಳದಲ್ಲಿಯೂ ನೋಡಬಹುದು. ಆಗಸ್ಟ್‌ನಲ್ಲಿ ಇನ್ನೊಮ್ಮೆ ಬರುತ್ತದೆ, ಆದರೆ ನಮ್ಮ ಕರಾವಳಿಯಲ್ಲಿ ಆಗ ಸೂರ್ಯನನ್ನು ನೋಡಿದವರು ಯಾರು?

ಚಾವಡಿಯ ಪಾಠ ಇಸ್ರೋ ಕ್ಯಾಂಪಿಗೆ ಸಮ ಅಂತ ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ನಮ್ಮ ತಪ್ಪನ್ನು ನಾವೇ ಮುಚ್ಚಿದ ಹಾಗೆ. ಶ್ರೀಹರಿಕೋಟಾ ನೋಡುವುದು ಬೇರೆ, ಬೇರೆ ರಾಜ್ಯದ ಮಕ್ಕಳ ಜೊತೆ ಎರಡು ವಾರ ಇರುವುದು ಬೇರೆ. ಅದು ಅವಳಿಗೆ ಸಿಗಲಿಲ್ಲ. ಎಲ್ಲ ಊರಿನಲ್ಲಿಯೂ ಇಂಥ ಮಾಸ್ಟ್ರು ಇರುತ್ತಾರೆ ಅಂತಲೂ ಇಲ್ಲ. ನವೆಂಬರ್‌ನಲ್ಲಿ ಭೌತಶಾಸ್ತ್ರ ಶಿಕ್ಷಕರ ಸಂಘದವರು ಜೂನಿಯರ್ ಸೈನ್ಸ್ ಪರೀಕ್ಷೆ ನಡೆಸುತ್ತಾರೆ, ಒಲಿಂಪಿಯಾಡ್‌ಗೆ ಅದೇ ಮೊದಲ ಮೆಟ್ಟಿಲು. ಹತ್ತರಲ್ಲಿ ಅದನ್ನಾದರೂ ಬರೆ ಅಂತ ಮಾಸ್ಟ್ರು ಅವಳಿಗೆ ಹೇಳಿದರು. ಶಾಲೆಯಲ್ಲಿ ಯಾರಿಗೂ ಆ ಪರೀಕ್ಷೆಯ ಹೆಸರು ಗೊತ್ತಿರಲಿಲ್ಲ. ಈ ಸಲ ನಾವೇ ಹೋಗಿ ಹೆಡ್‌ಮಾಸ್ಟ್ರಿಗೆ ಹೇಳಿ ಬಂದೆವು.

ಕೋಚಿಂಗ್ ಸುದ್ದಿ ಓದಿ ನಮ್ಮ ಗ್ರಾಮದಿಂದ ಇನ್ನೊಂದು ಮನೆಯವರು ಹುಡುಗನನ್ನು ಸೇರಿಸಿದ್ದರು. ಅದು ನಮಗೆ ಗೊತ್ತಾದದ್ದು ಮೇ ಕೊನೆಗೆ. ಅವನು ಒಂಬತ್ತು ದಿನಕ್ಕೆ ವಾಪಸ್ ಬಂದ, ಇಂಗ್ಲಿಷ್ ಅರ್ಥ ಆಗಲಿಲ್ಲ ಅಂತ. ಫೀಸು ವಾಪಸ್ ಇಲ್ಲ, ರಶೀದಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿತ್ತು. ಅವನ ಅಮ್ಮ ನಮ್ಮನ್ನು ಬೈಯಲಿಲ್ಲ. ಹಾಲಿನ ಸೊಸೈಟಿ ಹತ್ತಿರ ಸಿಕ್ಕಿದಾಗ, "ನೀವು ಪೇಪರಿನಲ್ಲಿ ಬರೆದಿದ್ರಲ್ಲ ಅಣ್ಣ, ಹಾಗೆ ಕಳಿಸಿದ್ದು" ಅಂದರು, ಅಷ್ಟೆ. ಫೋನ್ ಮಾಡಿ ಕೇಳಿದೆವು, ಎರಡು ಸಲ ಹೋಗಿ ಕೂತೆವು. ದುಡ್ಡು ಬರಲಿಲ್ಲ. ಆ ಮೇಲೆ ಕಣ್ಣಾರೆ ನೋಡದ ಕ್ಯಾಂಪಿನ ಸುದ್ದಿ ಕನ್ನಡ ಮಾಡಿ ಕೊಡುವುದು ನಿಲ್ಲಿಸಿದ್ದೇವೆ. ತಿಂಗಳಿಗೆ ಬರುವುದರಲ್ಲಿ ಸ್ವಲ್ಪ ಕಡಿಮೆ ಆಗಿದೆ.

ಅಡಿಕೆ ಮರದ ಪ್ರಯೋಗವನ್ನು ಫೋಟೊ ಸಮೇತ ಪೇಪರಿಗೆ ಕಳಿಸಿದ್ದೆವು. ಜಾಗ ಇರಲಿಲ್ಲವಂತೆ. ಹಾಗಾಗಿ ಇಲ್ಲಿ ಬರೆದದ್ದು.

ಹುಡುಗಿಯ ತಮ್ಮ ಈಗ ಎಂಟನೇ ಕ್ಲಾಸ್. ಅವನಿಗೆ ಫಿಸಿಕ್ಸ್ ಬೇಡ, ಕಬಡ್ಡಿ ಬೇಕು. ಆದರೂ ಅಕ್ಕನ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಅವಳು ಒಂದು ರಟ್ಟು ತೂಗುಹಾಕಿದ್ದಾಳೆ. ಕೆಂಪು ಪೆನ್ನಿನಲ್ಲಿ ಬರೆದಿದೆ: 'ಮುಂದಿನ ಫೆಬ್ರವರಿ, ಯುವಿಕಾ, ಇವನಿಗೆ.' ಅದರ ಕೆಳಗೆ ಸಣ್ಣದಾಗಿ, 'ಮಾಮನಿಗೆ ನೆನಪು ಮಾಡಬೇಕು.'